ಕುರಿತೋದದೆಯುಂ ಪರೀಕ್ಷಾಪ್ರಯೋಗ ಪರಿಣತಮತಿಗಳ್

ಹತ್ತನೇ ಕ್ಲಾಸಿನ ಪ್ರಥಮ ಭಾಷೆ ಕನ್ನಡ ಪರೀಕ್ಷೆಯಲ್ಲಿ ಅಲಂಕಾರದ ಪ್ರಶ್ನೆಗೆ 3 ಅಂಕ. ಹೆಸರು ಬರೆಯಬೇಕು, ಲಕ್ಷಣ ಬರೆಯಬೇಕು, ಆ ಲಕ್ಷಣ ಕೊಟ್ಟ ವಾಕ್ಯಕ್ಕೆ ಹೇಗೆ ಹೊಂದುತ್ತದೆ ಎಂದು ಸಮನ್ವಯ ಮಾಡಬೇಕು. ಛಂದಸ್ಸಿಗೂ ಅಷ್ಟೇ. ಮಾರ್ಚ್ ಹತ್ತಿರ ಬಂದ ಹಾಗೆ ಕೆಲವು ಹಿರಿಯರು ಈ ಬಗ್ಗೆ ಗೊಣಗಲು ಶುರು ಮಾಡುತ್ತಾರೆ. ಮಕ್ಕಳು ಕವಿತೆ ಓದುವುದಿಲ್ಲ, ಬರೀ ಉರು ಹೊಡೆಯುತ್ತಾರೆ ಅಂತ. ಪಾಪ, ಅವರಿಗೆ ನಮ್ಮ ಸಾಧನೆ ಇನ್ನೂ ಅರ್ಥವಾಗಿಲ್ಲ. ಕವಿತೆ ಓದದೆ, ಕವಿ ಯಾರೆಂದು ಕೇಳದೆ, ಅರ್ಥದ ತಂಟೆಗೇ ಹೋಗದೆ ಪೂರ್ತಿ ಅಂಕ ತೆಗೆಯುವ ವಿದ್ಯೆಯನ್ನು ನಾವು ಕಂಡುಹಿಡಿದಿದ್ದೇವೆ. ಅದಕ್ಕೆ ಪಾಸಿಂಗ್ ಪ್ಯಾಕೇಜ್ ಅಂತ ಚಂದದ ಹೆಸರೂ ಇದೆ.

ವಿದ್ಯೆ ಬಹಳ ಸುಲಭ. ಸ್ಪೆಷಲ್ ಕ್ಲಾಸಿನಲ್ಲಿ ಅರ್ಧ ಗಂಟೆ ಕೂತರೆ ಬರುತ್ತದೆ. ವಾಕ್ಯದಲ್ಲಿ ‘ಅಂತೆ’, ‘ಹಾಗೆ’, ‘ವೋಲ್’ ಇದ್ದರೆ ಉಪಮೆ. ಅದೇನೂ ಇಲ್ಲದೆ ಎರಡು ವಸ್ತು ಒಂದಕ್ಕೊಂದು ಅಂಟಿಕೊಂಡಿದ್ದರೆ ರೂಪಕ. ‘ಓ ಎಂಬಂತೆ’ ಕಂಡರೆ ಉತ್ಪ್ರೇಕ್ಷೆ. ನಡುವೆ ಅಲ್ಪವಿರಾಮ ಇದ್ದು ಎರಡೂ ಕಡೆ ಗಾದೆ ಥರ ಇದ್ದರೆ ಕಣ್ಣು ಮುಚ್ಚಿಕೊಂಡು ದೃಷ್ಟಾಂತ. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ.’ ಬಿಂಬ ಪ್ರತಿಬಿಂಬ ಭಾವ ಅಂತ ಬರೆದು ಅಡಿಗೆರೆ ಎಳೆದರೆ ಮುಗಿಯಿತು. ಊಟ ಬಲ್ಲವನು ಅಂದರೆ ಜಾಸ್ತಿ ತಿನ್ನುವವನೋ ಕಡಿಮೆ ತಿನ್ನುವವನೋ ಎಂದು ಯಾವ ಪ್ರಶ್ನೆಪತ್ರಿಕೆಯೂ ಕೇಳುವುದಿಲ್ಲ.

ಈ ತರಬೇತಿ ಎಷ್ಟು ಗಟ್ಟಿ ಎಂದರೆ, ‘ನಾಳೆ ಶಾಲೆಗೆ ರಜೆಯಂತೆ’ ಎಂದು ಕೊಟ್ಟರೂ ಮೂರು ಅಂಕ ಬಿಟ್ಟುಕೊಡದ ವೀರರು ತಯಾರಾಗಿದ್ದಾರೆ. ಹೋಲಿಸಲ್ಪಡುವ ಉಪಮೇಯ ಶಾಲೆ, ಯಾವುದಕ್ಕೆ ಹೋಲಿಸಿದೆಯೋ ಆ ಉಪಮಾನ ರಜೆ, ಹೋಲಿಕೆ ಸೂಚಿಸುವ ಉಪಮಾವಾಚಕ ಅಂತೆ. ಸಮಾನಧರ್ಮ? ಎರಡರಲ್ಲೂ ಪಾಠ ನಡೆಯುವುದಿಲ್ಲ.

ಉದಾಹರಣೆಗಳ ವಿಷಯದಲ್ಲಂತೂ ನಾವು ಭಾರಿ ಮಿತವ್ಯಯ ಸಾಧಿಸಿದ್ದೇವೆ. ಇಡೀ ಅಲಂಕಾರ ಪ್ರಪಂಚಕ್ಕೆ ಒಂದೇ ಮುಖ ಸಾಕು. ‘ಸೀತೆಯ ಮುಖ ಕಮಲದಂತೆ ಅರಳಿತು’ ಎಂದರೆ ಉಪಮೆ. ‘ಸೀತೆಯ ಮುಖಕಮಲ ಅರಳಿತು’ ಎಂದರೆ ರೂಪಕ. ‘ಸೀತೆಯ ಮುಖ ಅರಳಿದ ಕಮಲವೋ ಎಂಬಂತೆ ಕಂಡಿತು’ ಎಂದರೆ ಉತ್ಪ್ರೇಕ್ಷೆ. ಸರಿ, ಮುಖ ಅರಳಿದ್ದು ಯಾಕೆ? ರಾಮ ಬಂದನೇ? ಹನುಮಂತ ಉಂಗುರ ಕೊಟ್ಟನೇ? ಅದು ಸಿಲಬಸ್‌ನಲ್ಲಿಲ್ಲ. ಎಷ್ಟೋ ತಲೆಮಾರುಗಳಿಂದ ಸೀತೆ ಕಾರಣವೇ ಇಲ್ಲದೆ ಅರಳುತ್ತಿದ್ದಾಳೆ. ಪಕ್ಕದ ಪುಟದಲ್ಲಿ ಭೀಮ ದುರ್ಯೋಧನರು ಮದಗಜಗಳಂತೆ ಹೋರಾಡುತ್ತಲೇ ಇದ್ದಾರೆ. ಬಿಡಿಸುವವರು ಯಾರೂ ಇಲ್ಲ.

ಉತ್ಪ್ರೇಕ್ಷೆಗೆ ಒಂದು ಕಾಯಂ ಸರೋವರವಿದೆ. ‘ಅಚ್ಚೋದ ಸರೋವರವು ತ್ರೈಲೋಕ್ಯಲಕ್ಷ್ಮಿಯು ತನ್ನ ಸೌಂದರ್ಯವನ್ನು ನೋಡಿಕೊಳ್ಳಲು ನಿರ್ಮಿಸಿದ ರತ್ನಕನ್ನಡಿಯೋ ಎಂಬಂತೆ ಕಂಡಿತು.’ ಈ ಕಲ್ಪನೆ ಬಾಣಭಟ್ಟನ ಕಾದಂಬರಿಯದು. ಅದನ್ನು ಕನ್ನಡಕ್ಕೆ ತಂದವನು ನಾಗವರ್ಮ. ಕತೆಯಲ್ಲಿ ಚಂದ್ರಾಪೀಡ ಎಂಬ ರಾಜಕುಮಾರ ಕಿನ್ನರ ಜೋಡಿಯೊಂದನ್ನು ನೋಡಿ ಕುದುರೆ ಓಡಿಸುತ್ತಾನೆ. ಕಿನ್ನರರು ಬೆಟ್ಟ ಹತ್ತಿ ಮಾಯವಾಗುತ್ತಾರೆ. ಹಿಂದೆ ನೋಡಿದರೆ ಸೈನ್ಯವೂ ಇಲ್ಲ, ದಾರಿಯೂ ಗೊತ್ತಿಲ್ಲ. ಕುದುರೆಗೂ ಬಾಯಾರಿದೆ, ಇವನಿಗೂ ಬಾಯಾರಿದೆ. ನೀರು ಹುಡುಕುತ್ತಾ ಹೋದವನ ಕಣ್ಣೆದುರು ಇದ್ದಕ್ಕಿದ್ದ ಹಾಗೆ ಅಷ್ಟು ದೊಡ್ಡ ಸರೋವರ ತೆರೆದುಕೊಳ್ಳುತ್ತದೆ. ಅಂಥ ಹೊತ್ತಿನಲ್ಲಿ ನೀರು ಕನ್ನಡಿಯಾಗದೆ ಇನ್ನೇನಾದೀತು? ಆದರೆ ಮಾದರಿ ಉತ್ತರದಲ್ಲಿ ಕುದುರೆಗೆ ಅಂಕವಿಲ್ಲ. ಬಾಯಾರಿಕೆಗೂ ಇಲ್ಲ. ‘ಓ ಎಂಬಂತೆ’ ಸಿಕ್ಕಿತಾ? ಸುತ್ತು ಹಾಕು, ಮುಂದಿನ ಪ್ರಶ್ನೆಗೆ ಹೋಗು.

ಭರತನ ನಾಟ್ಯಶಾಸ್ತ್ರದಲ್ಲಿ ಇದ್ದದ್ದು 4 ಅಲಂಕಾರ. 16ನೇ ಶತಮಾನದ ಅಪ್ಪಯ್ಯ ದೀಕ್ಷಿತರ ಕುವಲಯಾನಂದದ ಹೊತ್ತಿಗೆ ಅವು ನೂರು ದಾಟಿದ್ದವು. ಪುಣ್ಯಕ್ಕೆ ಶಾಲೆಗೆ ಬಂದದ್ದು ಬೆರಳೆಣಿಕೆಯಷ್ಟು, ಉಳಿದವು ಬಚಾವಾದವು. ಅಷ್ಟು ಪಟ್ಟಿ ಮಾಡಿದ ಇದೇ ದೀಕ್ಷಿತರು ಇನ್ನೊಂದು ಕಡೆ ಬೇರೆಯೇ ಮಾತು ಹೇಳಿದ್ದಾರೆ. ಉಪಮೆ ಅನ್ನುವವಳು ಒಬ್ಬಳೇ ನಟಿ, ನಾನಾ ವೇಷ ಹಾಕಿ ಕಾವ್ಯದ ರಂಗದಲ್ಲಿ ಕುಣಿದು ಬಲ್ಲವರ ಮನಸ್ಸನ್ನು ರಂಜಿಸುತ್ತಾಳೆ ಅಂತ. ನಾವೂ ಆ ಆಟಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ. ಆದರೆ ವೇಷ ಕಟ್ಟುವ ಚೌಕಿಯ ಬಾಗಿಲಲ್ಲೇ ನಿಲ್ಲಿಸಿ ನಟಿಯ ಆಧಾರ್ ಕಾರ್ಡ್ ಕೇಳಿಸುತ್ತೇವೆ. ಹೆಸರು, ಲಕ್ಷಣ, ಸಮನ್ವಯ ಎಲ್ಲ ತಾಳೆಯಾಗುವಷ್ಟರಲ್ಲಿ ಬೆಲ್ ಹೊಡೆಯುತ್ತದೆ.

ಛಂದಸ್ಸು ಇನ್ನೂ ಸಲೀಸು. ಪ್ರಸ್ತಾರ, ಅಂದರೆ ಅಕ್ಷರಗಳ ಮೇಲೆ ಲಘು ಗುರು ಗುರುತು, ಹಾಕುವವರಿಗೆ ಪದ್ಯದ ಅರ್ಥ ಗೊತ್ತಿರಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಗೊತ್ತಿದ್ದರೆ ಎಲ್ಲೋ ಒಂದು ಪದದ ಮೇಲೆ ಮನಸ್ಸು ನಿಂತು ಟೈಮ್ ಹಾಳಾಗುತ್ತದೆ. ಹ್ರಸ್ವಕ್ಕೆ ಬಟ್ಟಲು, ದೀರ್ಘಕ್ಕೆ ಗೆರೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಗೆರೆ. ಮೂರು ಮೂರು ಅಕ್ಷರಕ್ಕೆ ಒಂದು ಗಣ ಮಾಡಿದಾಗ ಭ ರ ನ ಭ ಭ ರ ಲ ಗ ಬಂದರೆ ಉತ್ಪಲಮಾಲೆ. ಸಾಲಿಗೆ 19 ಅಕ್ಷರ ಬಂದರೆ ಶಾರ್ದೂಲವಿಕ್ರೀಡಿತ, ಅಂದರೆ ಹುಲಿಯಾಟ. ಮತ್ತೇಭವಿಕ್ರೀಡಿತ ಬಂದರೆ ಮದ್ದಾನೆಯ ಆಟ. ಹುಲಿ ಆಡಿದರೂ ಆನೆ ಆಡಿದರೂ ಪರೀಕ್ಷಾ ಕೊಠಡಿಯಲ್ಲಿ ಸ್ಕೇಲು ಪೆನ್ಸಿಲ್ಲಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಪದ್ಯವನ್ನು ಗಟ್ಟಿಯಾಗಿ ಓದಿದರೆ ಕಿವಿಯೇ ಗಣ ಹೇಳಿಬಿಡುತ್ತದೆ, ನಿಜ. ಆದರೆ ಪರೀಕ್ಷೆಯಲ್ಲಿ ಗಟ್ಟಿಯಾಗಿ ಓದಿದರೆ ಹೊರಗೆ ಕಳಿಸುತ್ತಾರೆ, ಅಲ್ವಾ?

ಗಣಗಳನ್ನು ನೆನಪಿಡಲು ಹುಡುಗರು ರಾಗವಾಗಿ ಹೇಳುವ ಸೂತ್ರವೊಂದಿದೆ. ‘ಗುರು ಲಘು ಮೂರಿರೆ ಮನಗಣ’ ಎಂದು ಶುರುವಾಗುತ್ತದೆ. ಸುಮ್ನೆ ಒಂದು ಸಲ ಲಘುವಿಗೆ ಒಂದು, ಗುರುವಿಗೆ ಎರಡು ಅಂತ ಅದರ ಮಾತ್ರೆ ಎಣಿಸಿ ನೋಡಿ. ಮೊದಲ ಸಾಲಿಗೆ 12, ಎರಡನೆಯದಕ್ಕೆ 20, ಮತ್ತೆ 12, ಮತ್ತೆ 20. ಅದು ಅಪ್ಪಟ ಕಂದಪದ್ಯ! ಸೂತ್ರ ಕಟ್ಟಿದ ಪುಣ್ಯಾತ್ಮ ಲೆಕ್ಕ ಕಲಿಸುವಾಗಲೂ ಪದ್ಯ ಬಿಡಲಿಲ್ಲ. ವರ್ಷವೆಲ್ಲ ಆ ಕಂದವನ್ನೇ ಗುನುಗಿದ ಹುಡುಗ, ‘ಕಂದಪದ್ಯಕ್ಕೊಂದು ಉದಾಹರಣೆ ಕೊಡಿ’ ಎಂದು ಕೇಳಿದರೆ ಮೂರು ಗೆರೆ ಖಾಲಿ ಬಿಟ್ಟು ಬರುತ್ತಾನೆ. ನಾವು ಕಲಿಸಿದ್ದು ಅಷ್ಟು ಚೆನ್ನಾಗಿ ನಾಟಿದೆ.

ಇದೆಲ್ಲ ಹೊಸದು ಎನ್ನುವವರು ಕವಿರಾಜಮಾರ್ಗ ತೆಗೆದು ನೋಡಲಿ. 9ನೇ ಶತಮಾನದ್ದು, ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ. ಅದರ ವಿಷಯವೂ ಅಲಂಕಾರವೇ. ಅದರಲ್ಲಿ ಕನ್ನಡಿಗರಿಗೆ ಒಂದು ಸರ್ಟಿಫಿಕೇಟ್ ಕೊಟ್ಟಿದ್ದಾರೆ: ‘ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್’. ವಿಶೇಷವಾಗಿ ಕೂತು ಓದದೆಯೂ ಕಾವ್ಯ ಬಳಸುವುದರಲ್ಲಿ ಜಾಣರು ಅಂತ. ಸಾವಿರ ವರ್ಷದ ಮೇಲೆ ನಾವು ಆ ಮಾತಿನಲ್ಲಿ ಕಾವ್ಯ ತೆಗೆದು ಪರೀಕ್ಷೆ ಹಾಕಿದ್ದೇವೆ, ಅಷ್ಟೇ. ಕುರಿತು ಓದದೆ ಇರುವ ಭಾಗವನ್ನು ಚಾಚೂ ತಪ್ಪದೆ ಉಳಿಸಿಕೊಂಡಿದ್ದೇವೆ. ಪರಂಪರೆ ಅಂದರೆ ಇದು.

ಹಾಗಂತ ಅಲಂಕಾರ ಸತ್ತಿದೆ ಎಂದು ಯಾರೂ ಕೊರಗಬೇಕಿಲ್ಲ. ಉತ್ತರಪತ್ರಿಕೆಯಲ್ಲಿ ಇಲ್ಲದಿದ್ದರೇನು, ಪರೀಕ್ಷೆ ನಡೆಸುವ ಕಡೆ ಅದು ಸೊಂಪಾಗಿ ಬೆಳೆಯುತ್ತಿದೆ. ಮೊದಲು ಫೇಲಾದವರಿಗೆ ಪೂರಕ ಪರೀಕ್ಷೆ ಅಂತ ಇತ್ತು. 2024ರಿಂದ ಪೂರಕ ಎಂಬ ಮಾತೇ ಹೋಗಿ ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಬಂದವು. ಸೋಲಿಗೆ ಕ್ರಮಸಂಖ್ಯೆ ಕೊಟ್ಟು ಸೋಲನ್ನೇ ಮಾಯ ಮಾಡುವ ಈ ಚಮತ್ಕಾರಕ್ಕೆ ಕುವಲಯಾನಂದದ ನೂರರಲ್ಲೂ ಹೆಸರಿದ್ದ ಹಾಗೆ ಕಾಣೆ. ಅದೇ ವರ್ಷ ಕೃಪಾಂಕವೂ ಶೇ 10ರಿಂದ ಶೇ 20ಕ್ಕೆ ಏರಿತು. ಮಾಮೂಲಿ ಅಂಕಕ್ಕೆ ಮುಂದೆ ‘ಕೃಪೆ’ ಸೇರಿಸಿ ವರದ ಮಟ್ಟಕ್ಕೆ ಏರಿಸಿದ್ದು ಯಾವ ಕವಿಗೂ ಹೊಳೆಯದ ಕೆಲಸ. ಇವನ್ನು ಪ್ರಶ್ನೆಪತ್ರಿಕೆಯಲ್ಲಿ ಕೊಟ್ಟು ‘ಅಲಂಕಾರ ಹೆಸರಿಸಿ’ ಅಂದರೆ ಮಕ್ಕಳು ಒಳ್ಳೊಳ್ಳೆಯ ಉತ್ತರ ಬರೆದಾರು. ಅದೇ ಭಯಕ್ಕೆ ಕೇಳುವುದಿಲ್ಲವೇನೋ.

ಕೇಳಿದರೂ ಕೇಳಬಹುದು, ಒಂದು ಮುಖ್ಯ ಪ್ರಶ್ನೆಗೆ ಮಾತ್ರ ಈಗಲೇ ತಯಾರಿ ಮಾಡಿಕೊಳ್ಳಿ. ಪ್ರತಿವರ್ಷ ಪರೀಕ್ಷೆ ಹತ್ತಿರ ಬಂದಾಗ ವೇದಿಕೆ ಮೇಲೆ ಕೂತ ದೊಡ್ಡವರು ಮಕ್ಕಳಿಗೆ ಹೇಳುವ ಮಾತಿದು: ‘ಪರೀಕ್ಷೆ ಹಬ್ಬದಂತೆ.’ ಅಲಂಕಾರ ಹೆಸರಿಸಿ, ಸಮನ್ವಯಗೊಳಿಸಿ. ಇಲ್ಲಿ ಪರೀಕ್ಷೆ ಉಪಮೇಯ. ಹಬ್ಬ ಉಪಮಾನ. ಅಂತೆ ಉಪಮಾವಾಚಕ. ಸಮಾನಧರ್ಮ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಆದ್ದರಿಂದ ಇದು ಲುಪ್ತೋಪಮೆ. ಮೂರಕ್ಕೆ ಮೂರು.