ಪ್ಯಾಕ್ ಕಟ್ಟೋದು ಅರ್ಧ ದಿನದ ಕೆಲಸ, ಪರೀಕ್ಷೆಗೆ ಒಂದು ತಿಂಗಳು ಬೇಕು

ಹೋದ ತಿಂಗಳು ಸೊರಬದ ಕಡೆಯ ಒಬ್ಬ ಹುಡುಗ ಬ್ಯಾಟರಿ ಪ್ಯಾಕ್ ಹಿಡಿದುಕೊಂಡು ಮನೆಗೆ ಬಂದ. ಶುಂಠಿಗೆ ಔಷಧಿ ಹೊಡೆಯುವ ಪಂಪಿನದು. ಹಳೇ ಲ್ಯಾಪ್‌ಟಾಪ್ ಸೆಲ್‌ಗಳನ್ನು ಸೇರಿಸಿ ಯಾರೋ ಕಟ್ಟಿಕೊಟ್ಟಿದ್ದರು. ಹನ್ನೆರಡು ಸೆಲ್, ನಾಲ್ಕು ನಾಲ್ಕರ ಮೂರು ಗುಂಪು. "ಅಣ್ಣ, ಚಾರ್ಜ್ ಫುಲ್ ಅಂತಲೇ ತೋರಿಸ್ತದೆ. ಆದರೆ ಎರಡು ಟ್ಯಾಂಕ್ ಹೊಡೆಯೋದರೊಳಗೆ ಇಳಿದುಹೋಗ್ತದೆ. ಒಂಚೂರು ನೋಡಿ" ಅಂದ.

ಮಲ್ಟಿಮೀಟರ್ ಇಟ್ಟೆ. 12.60 ವೋಲ್ಟ್. ಈ ಲಿಥಿಯಂ ಜಾತಿಯ ಸೆಲ್ ತುಂಬಿದಾಗ 4.2 ವೋಲ್ಟ್ ಇರುತ್ತದೆ, ಮೂರು ಗುಂಪಿಗೆ 12.6. ಅಂದರೆ ಕೂದಲೆಳೆಯಷ್ಟೂ ತಪ್ಪಿಲ್ಲ. ಮೇಲಿನ ನೀಲಿ ಪ್ಲಾಸ್ಟಿಕ್ ಕತ್ತರಿಸಿ ಒಂದೊಂದೇ ಗುಂಪು ಅಳೆದೆ. 4.31, 4.30, 3.99. ಕೂಡಿಸಿ ನೋಡಿ, 12.60 ಆಗುತ್ತದೆ.

ಎರಡು ಗುಂಪು ಪ್ರತಿ ಸಲವೂ ಮಿತಿ ಮೀರಿ ತುಂಬುತ್ತಿದ್ದವು. ಮೂರನೆಯದು ಅರೆಹೊಟ್ಟೆಯಲ್ಲಿ ಉಳಿಯುತ್ತಿತ್ತು. ಚಾರ್ಜರ್‌ಗೆ ಕಾಣುವುದು ಒಟ್ಟು ಮೊತ್ತ ಮಾತ್ರ, ಅದು ಹಸಿರು ದೀಪ ಹಾಕಿ ಸುಮ್ಮನಾಗುತ್ತಿತ್ತು. ಒಳಗೊಂದು ಬಿಎಂಎಸ್, ಅಂದರೆ ಬ್ಯಾಟರಿ ಕಾಯುವ ಬೋರ್ಡ್ ಇತ್ತು ನಿಜ. ಆದರೆ ಗುಂಪುಗಳನ್ನು ಸರಿದೂಗಿಸುವ ಭಾಗ ಅದರಲ್ಲಿ ಇರಲಿಲ್ಲ. ಯಾವುದಾದರೂ ಗುಂಪು 4.35 ದಾಟಿದರೆ ಕಡಿಯುವಂಥದ್ದು, ಅಷ್ಟೇ. "ರಾತ್ರಿ ಎಲ್ಲಿ ಚಾರ್ಜಿಗೆ ಹಾಕ್ತೀಯ?" ಅಂತ ಕೇಳಿದೆ. "ಜಗಲಿಯಲ್ಲಿ, ಅಡಿಕೆ ಸಿಪ್ಪೆ ಮೂಟೆ ಪಕ್ಕ ಒಂದು ಪ್ಲಗ್ ಇದೆ" ಅಂದ. ನನಗೆ ಕೈಕಾಲು ತಣ್ಣಗಾಯಿತು.

ಇದನ್ನು ಬರೆಯಬೇಕು ಅನ್ನಿಸಿದ್ದು ಅವತ್ತೇ. ಮನೆಯಲ್ಲಿ ಲಿಥಿಯಂ ಪ್ಯಾಕ್ ಕಟ್ಟುವುದನ್ನು ನಾನು ವಿರೋಧಿಸುವವನಲ್ಲ. ಆರು ವರ್ಷದಿಂದ ನಾನೇ ಕಟ್ಟುತ್ತಿದ್ದೇನೆ. ಮಳೆಗಾಲದಲ್ಲಿ ಮಲೆನಾಡಿನಲ್ಲಿ ಕರೆಂಟು ಮೂರು ದಿನ ಇರುವುದಿಲ್ಲ. ಆಗ ವೈಫೈ ಡಬ್ಬಿಗೆ, ಎರಡು ಎಲ್ಇಡಿ ದೀಪಕ್ಕೆ ಒಂದು ಚಿಕ್ಕ ಪ್ಯಾಕ್ ಎಷ್ಟು ಉಪಕಾರ ಅನ್ನುವುದು ಇಲ್ಲಿದ್ದವರಿಗೇ ಗೊತ್ತು. ನನ್ನ ತಕರಾರು ಒಂದೇ. ಎಲ್ಲರೂ ಕಟ್ಟುವುದನ್ನು ಕಲಿಯುತ್ತಿದ್ದಾರೆ. ಪರೀಕ್ಷೆ ಮಾಡುವುದನ್ನು ಯಾರೂ ಕಲಿಸುತ್ತಿಲ್ಲ.

ವಿಡಿಯೋಗಳನ್ನು ನೋಡಿ. ಸೆಲ್ ಜೋಡಿಸುತ್ತಾರೆ, ನಿಕ್ಕಲ್ ಪಟ್ಟಿ ಇಡುತ್ತಾರೆ, ಸ್ಪಾಟ್ ವೆಲ್ಡಿಂಗ್ ಟಕ್ ಟಕ್ ಅನ್ನುತ್ತದೆ. ಕೊನೆಗೆ ಸೈಕಲ್ಲಿನ ಚಕ್ರ ತಿರುಗುತ್ತದೆ, ಎಲ್ಲರೂ ಚಪ್ಪಾಳೆ. ವಿಡಿಯೋ ಮುಗಿಯುವುದು ಅಲ್ಲಿ. ನಿಜವಾದ ಕೆಲಸ ಶುರುವಾಗುವುದೂ ಅಲ್ಲೇ ಅಲ್ವಾ?

ನನಗೆ ಇದು ಪೆಟ್ಟು ತಿಂದು ಬಂದ ಬುದ್ಧಿ. 2019ರಲ್ಲಿ ಪಕ್ಕದ ಮನೆಯ ಅಣ್ಣನಿಗೆ ಇಂಥದ್ದೇ ಮೂರು ಗುಂಪಿನ ಪ್ಯಾಕ್ ಕಟ್ಟಿಕೊಟ್ಟಿದ್ದೆ. ಸೆಲ್ ಒಳ್ಳೆಯವು, ಬೋರ್ಡ್ ಒಳ್ಳೆಯದು. ಚಾರ್ಜರ್ ಮಾತ್ರ ಕೊಡಲಿಲ್ಲ. "ಹಳೇ ಚಾರ್ಜರ್ ಇದೆ ಮಾರಾಯ, ಅದೂ ಹನ್ನೆರಡು ವೋಲ್ಟಿಂದೇ" ಅಂದರು. ಆಯಿತು ಅಂದೆ. ಅದು ಲೆಡ್ ಆಸಿಡ್ ಬ್ಯಾಟರಿಯ ಚಾರ್ಜರ್, 14.4 ವೋಲ್ಟ್ ತನಕ ಏರುತ್ತದೆ. ಮೂರರಿಂದ ಭಾಗಿಸಿದರೆ ಗುಂಪಿಗೆ 4.8. ಅಲ್ಲಿಗೆ ಮುಟ್ಟುವ ಮೊದಲೇ ದಿನವೂ ಬಿಎಂಎಸ್ ಕಡಿಯುತ್ತಿತ್ತು, ಪ್ಯಾಕ್ ಉಳಿಯುತ್ತಿತ್ತು. ನಾಲ್ಕು ತಿಂಗಳು ಹೀಗೇ ನಡೆಯಿತು. ಒಂದು ಸಂಜೆ ಬೋರ್ಡಿನ ಮಾಸ್‌ಫೆಟ್, ಅಂದರೆ ಕರೆಂಟ್ ಕಡಿಯುವ ಸ್ವಿಚ್ಚು ಕೆಟ್ಟಿತು. ಮಾಸ್‌ಫೆಟ್ ಕೆಟ್ಟರೆ ಸಾಮಾನ್ಯವಾಗಿ ಕರೆಂಟಿನ ದಾರಿ ಮುಚ್ಚಿಕೊಳ್ಳುವುದಿಲ್ಲ, ತೆರೆದೇ ಉಳಿಯುತ್ತದೆ. ಕಡಿಯುವವರು ಯಾರೂ ಇಲ್ಲ. ಅಂಗಳದಲ್ಲಿ ಬುಸ್ಸೆಂದು ಬಿಳಿ ಹೊಗೆ ಎದ್ದು ಒಂದಾದ ಮೇಲೆ ಒಂದು ಸೆಲ್ ಸಿಡಿಯಿತು. ಅತ್ತಿಗೆ ಹತ್ತು ನಿಮಿಷದ ಹಿಂದಷ್ಟೇ ಅಲ್ಲಿ ಮಗುವಿಗೆ ಊಟ ಮಾಡಿಸಿ ಒಳಗೆ ಹೋಗಿದ್ದರು. ಯಾರಿಗೂ ಏನೂ ಆಗಲಿಲ್ಲ. ಆ ಹತ್ತು ನಿಮಿಷವನ್ನು ನಾನು ಇವತ್ತಿಗೂ ಮರೆತಿಲ್ಲ.

ಅದಕ್ಕೇ ಹೇಳುತ್ತೇನೆ, ಚಾರ್ಜರ್ ಬೇರೆ, ಪ್ಯಾಕ್ ಬೇರೆ ಅಲ್ಲ. ಲಿಥಿಯಂ ಚಾರ್ಜರ್ ಮೊದಲು ಒಂದೇ ಸಮನಾದ ಕರೆಂಟ್ ಕೊಡುತ್ತದೆ. ವೋಲ್ಟೇಜ್ ಮಿತಿ ಮುಟ್ಟಿದ ಮೇಲೆ ಆ ವೋಲ್ಟೇಜನ್ನು ಹಿಡಿದಿಟ್ಟುಕೊಂಡು ಕರೆಂಟ್ ತಾನೇ ಇಳಿಯಲು ಬಿಡುತ್ತದೆ. ಸಾಮರ್ಥ್ಯದ ಇಪ್ಪತ್ತನೇ ಒಂದು ಭಾಗದ ಹತ್ತಿರ ಬಂದಾಗ ನಿಲ್ಲಿಸುತ್ತದೆ. 6 ಆಂಪಿಯರ್ ಅವರ್ ಪ್ಯಾಕ್ ಆದರೆ 0.3 ಆಂಪಿಯರ್. ಲೆಡ್ ಆಸಿಡ್ ಚಾರ್ಜರ್ ಹಾಗೆ ನಿಲ್ಲುವುದಿಲ್ಲ, ತುಂಬಿದ ಮೇಲೂ ಸಣ್ಣಗೆ ತಳ್ಳುತ್ತಲೇ ಇರುತ್ತದೆ. ಬಿಎಂಎಸ್ ಇದೆಯಲ್ಲ ಅನ್ನಬೇಡಿ. ಅದು ಕೊನೆಯ ಕಾವಲು. ದಿನವೂ ಅದರ ಕೈಯಲ್ಲೇ ಚಾರ್ಜ್ ನಿಲ್ಲಿಸಿಕೊಂಡರೆ ಅದು ಸೋತ ದಿನ ಹಿಂದೆ ಇನ್ನೊಬ್ಬರು ಇರುವುದಿಲ್ಲ.

ಈಗ ಪರೀಕ್ಷೆಯ ವಿಷಯಕ್ಕೆ ಬರುತ್ತೇನೆ. ಇದು ಪ್ಯಾಕ್ ಕಟ್ಟುವ ಮೊದಲೇ ಶುರುವಾಗಬೇಕು.

ಹಳೇ ಸೆಲ್ ಕೈಗೆ ಬಂದಾಗ ನಾನು ಮೊದಲು ನೋಡುವುದು ವೋಲ್ಟೇಜ್. 2 ವೋಲ್ಟಿಗಿಂತ ಕೆಳಗೆ ಬಿದ್ದು ಬಹಳ ದಿನ ಆಗಿದ್ದರೆ ಪಕ್ಕಕ್ಕೆ ಇಡುತ್ತೇನೆ. ಅಷ್ಟು ಖಾಲಿಯಾದ ಸೆಲ್ಲಿನೊಳಗೆ ತಾಮ್ರದ ಹಾಳೆ ಕರಗಲು ಶುರುವಾಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಎಲ್ಲೆಲ್ಲೋ ಕೂತು ಒಳಗೇ ಶಾರ್ಟ್ ಮಾಡಬಹುದು. "ಸತ್ತ ಸೆಲ್ ಬದುಕಿಸುವ ಉಪಾಯ" ಅಂತ ತೋರಿಸುತ್ತಾರಲ್ಲ, ಅದು ನನಗೆ ತುಂಬಾ ಸಿಟ್ಟು ತರಿಸುವ ವಿಷಯ. ಮೂವತ್ತು ರೂಪಾಯಿ ಉಳಿಸಲು ಮನೆಗೆ ಕಿಚ್ಚು ಇಟ್ಟುಕೊಳ್ಳುವುದು ಬೇಡ.

ಉಳಿದ ಸೆಲ್‌ಗಳಿಗೆ ನಂಬರ್ ಬರೆಯಬೇಕು. ಪೂರ್ತಿ ತುಂಬಿಸಿ, ಅರ್ಧ ಆಂಪಿಯರಿನಲ್ಲಿ ಖಾಲಿ ಮಾಡಿ, ಎಷ್ಟು ಮಿಲಿ ಆಂಪಿಯರ್ ಅವರ್ ಬಂತು ಅಂತ ಬರೆದುಕೊಂಡು, ಮತ್ತೆ ತುಂಬಿಸಬೇಕು. ನನ್ನ ಟೆಸ್ಟರಿನಲ್ಲಿ ಒಂದು ಸಲಕ್ಕೆ ನಾಲ್ಕು ಸೆಲ್ ಕೂರುತ್ತವೆ, ಒಂದು ಸುತ್ತಿಗೆ ಸುಮಾರು ಹತ್ತು ತಾಸು. ಹನ್ನೆರಡು ಸೆಲ್ಲಿಗೆ ಮೂರು ದಿನ ಬೇಕು. ಇಂಟರ್ನಲ್ ರೆಸಿಸ್ಟೆನ್ಸ್, ಅಂದರೆ ಸೆಲ್ಲಿನೊಳಗೇ ಕರೆಂಟಿಗೆ ಇರುವ ತಡೆ, ಅದನ್ನೂ ಬರೆದುಕೊಳ್ಳಿ. ಅಂಗಡಿಯಿಂದ ಹೊಸದು ತಂದರೂ ಇದನ್ನು ಬಿಡಬೇಡಿ. ಈ ಸೆಲ್ಲಿನ ಅಳತೆಗೆ 18650 ಅನ್ನುತ್ತಾರೆ, ಅಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಅಷ್ಟು ಜಾಗದಲ್ಲಿ ಒಳ್ಳೆಯ ಕಂಪನಿಗಳೇ ಕಷ್ಟಪಟ್ಟು 3500 ಮಿಲಿ ಆಂಪಿಯರ್ ಅವರ್ ಆಸುಪಾಸು ತುಂಬಿಸುತ್ತವೆ. ಮೇಲೆ 9900 ಅಂತ ಬರೆದಿದ್ದರೆ ಆ ಸೆಲ್ ಸುಳ್ಳು. ನಾನೊಮ್ಮೆ ತಂದವು ಅಳೆದಾಗ 900 ಕೂಡ ಕೊಡಲಿಲ್ಲ.

ಆಮೇಲೆ ಬರುವುದು ಎಲ್ಲರೂ ಬಿಟ್ಟುಬಿಡುವ ಹಂತ. ತುಂಬಿದ ಸೆಲ್‌ಗಳನ್ನು ಸುಮ್ನೆ ಇಡುವುದು. ಎರಡು ವಾರ, ಸಾಧ್ಯವಾದರೆ ಮೂರು. ದಿನ ಬಿಟ್ಟು ದಿನ ವೋಲ್ಟೇಜ್ ಬರೆದುಕೊಳ್ಳಿ. ಒಳ್ಳೆಯ ಸೆಲ್ ಮೊದಲ ಒಂದೆರಡು ದಿನ ಚೂರು ಇಳಿದು ಅಲ್ಲೇ ನಿಲ್ಲುತ್ತದೆ. ಒಳಗೇ ಚಾರ್ಜ್ ಸೋರುವ ಸೆಲ್ ಇಳಿಯುತ್ತಲೇ ಹೋಗುತ್ತದೆ. ಟೆಸ್ಟರಿನಲ್ಲಿ ಅದೇ ಸೆಲ್ 2100 ತೋರಿಸಿ ಪಾಸಾಗಿರಬಹುದು. ಸೋರುವ ಸೆಲ್ಲನ್ನು ಹಿಡಿಯಲು ಕಾಯುವುದು ಬಿಟ್ಟು ನಮ್ಮಂಥವರಿಗೆ ಬೇರೆ ದಾರಿ ಇಲ್ಲ. ನಮ್ಮ ಅಜ್ಜಿ ಹೊಸ ಮಡಕೆಗೆ ನೀರು ತುಂಬಿ ರಾತ್ರಿಯಿಡೀ ಇಟ್ಟು ಬೆಳಿಗ್ಗೆ ಕೆಳಗೆ ಕೈ ಹಾಕಿ ನೋಡುತ್ತಿದ್ದರು. ಇದೂ ಅದೇ.

ಕಟ್ಟುವ ಮುಂಚೆ ಇನ್ನೊಂದು ಮಾತು. ಒಂದೇ ಗುಂಪಿಗೆ ಸೇರುವ ಸೆಲ್‌ಗಳ ವೋಲ್ಟೇಜ್ ಒಂದೇ ಇರಬೇಕು. ಎರಡು ಸೆಲ್ ನಡುವೆ 0.3 ವೋಲ್ಟ್ ವ್ಯತ್ಯಾಸ ಇದ್ದು, ಎರಡರ ರೆಸಿಸ್ಟೆನ್ಸ್ ಸೇರಿ 60 ಮಿಲಿ ಓಮ್ ಇದ್ದರೆ, ಮುಟ್ಟಿಸಿದ ಕ್ಷಣ 5 ಆಂಪಿಯರ್ ಹರಿಯುತ್ತದೆ. ನಿಕ್ಕಲ್ ಪಟ್ಟಿಯಲ್ಲೂ ಮೋಸ ಇದೆ, ಕಬ್ಬಿಣಕ್ಕೆ ನಿಕ್ಕಲ್ ಲೇಪನ ಮಾಡಿ ಮಾರುತ್ತಾರೆ. ಒಂದು ತುಂಡನ್ನು ಗೀರಿ ಉಪ್ಪು ನೀರಿನಲ್ಲಿ ಹಾಕಿಡಿ, ತುಕ್ಕು ಬಂದರೆ ಅದು ನಿಕ್ಕಲ್ ಅಲ್ಲ.

ಕಟ್ಟಿದ ಮೇಲೆ ಬಿಎಂಎಸ್ ತಂತಿಗಳ ಕನೆಕ್ಟರನ್ನು ಬೋರ್ಡಿಗೆ ಸಿಕ್ಕಿಸುವ ಮೊದಲು ಪಿನ್‌ಗಳನ್ನು ಅಳೆಯಿರಿ. ಒಂದರಿಂದ ಇನ್ನೊಂದಕ್ಕೆ ವೋಲ್ಟೇಜ್ ಒಂದೊಂದು ಸೆಲ್ಲಿನಷ್ಟೇ ಏರುತ್ತಾ ಹೋಗಬೇಕು. ತಂತಿ ಅದಲುಬದಲಾದರೆ ಬೋರ್ಡ್ ಅಲ್ಲೇ ಸುಟ್ಟುಹೋಗುತ್ತದೆ. ಕೆಲವೊಮ್ಮೆ ಸುಟ್ಟದ್ದು ಗೊತ್ತೂ ಆಗುವುದಿಲ್ಲ, ಅದು ಇನ್ನೂ ಕೆಟ್ಟದ್ದು.

ಮೊದಲ ಚಾರ್ಜ್ ಹಗಲಲ್ಲಿ, ಹೊರಗೆ, ಕಲ್ಲು ಚಪ್ಪಡಿಯ ಮೇಲೆ. ಕರೆಂಟ್ ಕಡಿಮೆ ಇಡಿ. ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರಿ. ಅರ್ಧ ಗಂಟೆಗೊಮ್ಮೆ ಪ್ರತಿ ಗುಂಪನ್ನೂ ಅಳೆಯಿರಿ, ಕೊನೆಗೆ ಬಂದಾಗ ಹತ್ತು ನಿಮಿಷಕ್ಕೊಮ್ಮೆ. ಒಂದು ಗುಂಪು ಮುಂದೆ ಓಡುತ್ತಿದೆಯಾ, ಕೈ ಇಟ್ಟರೆ ಎಲ್ಲಾದರೂ ಬಿಸಿ ಇದೆಯಾ, ಇಷ್ಟೇ ನೋಡಬೇಕಾದ್ದು. ವ್ಯತ್ಯಾಸ ಕಂಡರೆ "ಬಿಎಂಎಸ್ ಬ್ಯಾಲೆನ್ಸ್ ಮಾಡ್ಕೊಳ್ತದೆ" ಅಂತ ಬಿಡಬೇಡಿ. ಸಾಮಾನ್ಯ ಬೋರ್ಡಿನ ಬ್ಯಾಲೆನ್ಸ್ ಕರೆಂಟ್ 50 ಮಿಲಿ ಆಂಪಿಯರಿನ ಆಸುಪಾಸು. ಒಂದು ಗುಂಪು 2 ಆಂಪಿಯರ್ ಅವರ್ ಹಿಂದೆ ಬಿದ್ದಿದ್ದರೆ ಸರಿಯಾಗಲು 40 ಗಂಟೆ ಬೇಕು. ಅಷ್ಟು ಹೊತ್ತು ಯಾರು ಚಾರ್ಜಿಗೆ ಇಡುತ್ತಾರೆ?

ಖಾಲಿ ಮಾಡುವ ಪರೀಕ್ಷೆಗೆ ದುಡ್ಡಿನ ಸಾಮಾನು ಬೇಕಿಲ್ಲ. ಕಾರಿನ ಹಳೇ ಹೆಡ್‌ಲೈಟ್ ಬಲ್ಬ್ ಸಾಕು, 12 ವೋಲ್ಟ್ 55 ವ್ಯಾಟ್. ನಾಲ್ಕೂವರೆ ಆಂಪಿಯರ್ ಚಿಲ್ಲರೆ ಎಳೆಯುತ್ತದೆ. ತುಂಬಾ ಬಿಸಿಯಾಗುತ್ತದೆ, ಹಾಗಾಗಿ ಮಂಗಳೂರು ಹಂಚಿನ ಮೇಲೆ ಇಡಿ. 6 ಆಂಪಿಯರ್ ಅವರ್ ಪ್ಯಾಕ್ ಒಂದೂಕಾಲು ಗಂಟೆ ಉರಿಸಬೇಕು. ಮುಕ್ಕಾಲು ಗಂಟೆಗೇ ಬಿಎಂಎಸ್ ಕಡಿದರೆ ಆ ಕ್ಷಣ ಎಲ್ಲ ಗುಂಪನ್ನೂ ಅಳೆದು ಯಾವುದು ಮೊದಲು ಬಿತ್ತು ನೋಡಿ. ಬಲ್ಬ್ ಆರದೇ ಉರಿಯುತ್ತಲೇ ಇದ್ದು ಗುಂಪು 2.5 ವೋಲ್ಟಿಗಿಂತ ಕೆಳಗಿಳಿದರೆ ನೀವೇ ತಂತಿ ಕಿತ್ತು ಆ ಬೋರ್ಡ್ ಬಿಸಾಕಿ.

ನಾನೀಗ ಬೇರೆಯವರಿಗೆ ಕೊಡುವುದಾದರೆ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಮಾತ್ರ ಹಾಕುತ್ತೇನೆ. ಒಂದಕ್ಕೆ 3.2 ವೋಲ್ಟ್, ನಾಲ್ಕು ಸೇರಿದರೆ 12.8, ತುಂಬಿದಾಗ 14.6. ಬಿಸಿ ತಡೆಯುವ ಶಕ್ತಿ ಜಾಸ್ತಿ, ಅಷ್ಟು ಬೇಗ ಕೆರಳುವುದಿಲ್ಲ. ಈ ರಸಾಯನವನ್ನು 1997ರಲ್ಲಿ ಲೋಕಕ್ಕೆ ತಿಳಿಸಿದ ಪ್ರಬಂಧಕ್ಕೆ ಮೂವರು ಲೇಖಕರು. ಎ.ಕೆ. ಪಾಢಿ, ಕೆ.ಎಸ್. ನಂಜುಂಡಸ್ವಾಮಿ, ಜಾನ್ ಗುಡ್‌ಇನಫ್. ಗುಡ್‌ಇನಫ್ ಅವರಿಗೆ 2019ರಲ್ಲಿ, 97ನೇ ವಯಸ್ಸಿನಲ್ಲಿ ನೊಬೆಲ್ ಬಂತು, ಎಲ್ಲರಿಗೂ ಅವರ ಹೆಸರು ಗೊತ್ತು. ನಂಜುಂಡಸ್ವಾಮಿ ಅನ್ನುವ ಹೆಸರನ್ನು ಅಲ್ಲಿ ಮೊದಲ ಸಲ ಓದಿದಾಗ ನನಗೆ ಆದ ಸಂತೋಷ ಹೇಳಲಾರೆ. ಈ ಸೆಲ್ಲಿಗೂ ಒಂದು ಎಚ್ಚರ ಬೇಕು. ಅರ್ಧ ತುಂಬಿರಲಿ, ಮುಕ್ಕಾಲು ತುಂಬಿರಲಿ, 3.3ರ ಹತ್ತಿರವೇ ತೋರಿಸುತ್ತದೆ. ಹಾಗಾಗಿ ವೋಲ್ಟೇಜ್ ಒಂದೇ ಇದೆ ಅಂತ ಜೋಡಿಸಿದರೆ ಮೋಸ ಹೋಗುತ್ತೀರಿ. ಮೊದಲು ಒಂದೊಂದನ್ನೂ 3.65ಕ್ಕೆ ತುಂಬಿಸಿ, ಆಮೇಲೆ ಕಟ್ಟಿ.

ಇಷ್ಟೆಲ್ಲ ಯಾಕೆ, ಕಂಪನಿಯದ್ದೇ ಕೊಂಡರೆ ಆಯಿತಲ್ಲ ಅಂತ ಕೇಳುವವರು ಇದ್ದಾರೆ. ಕಂಪನಿಗಳೂ ಪರೀಕ್ಷೆಯ ಪಾಠ ಕಲಿತದ್ದು ಬೆಂಕಿಯಿಂದಲೇ. 2022ರಲ್ಲಿ ದೇಶದ ಹಲವು ಕಡೆ ಎಲೆಕ್ಟ್ರಿಕ್ ಸ್ಕೂಟರ್‌ಗಳು ಹೊತ್ತಿಕೊಂಡವು. ಆಮೇಲೆ ಸರ್ಕಾರ ಇಂಥ ಗಾಡಿಗಳ ಬ್ಯಾಟರಿ ಸುರಕ್ಷತೆಯ ಎಐಎಸ್ 156 ನಿಯಮವನ್ನು ಬಿಗಿ ಮಾಡಿತು, ಮೊದಲ ಹಂತ 2022ರ ಡಿಸೆಂಬರ್ 1ರಿಂದ, ಎರಡನೆಯದು 2023ರ ಮಾರ್ಚ್ 31ರಿಂದ. ಒಂದು ಸೆಲ್ ಒಳಗೇ ಶಾರ್ಟ್ ಆದರೆ ಬೆಂಕಿ ಪಕ್ಕದ ಸೆಲ್ಲಿಗೆ ಹರಡುತ್ತದಾ ಅನ್ನುವ ಪರೀಕ್ಷೆ ಕೂಡ ಅದರಲ್ಲಿದೆ. ನಮ್ಮ ಕೊಟ್ಟಿಗೆಯಲ್ಲಿ ಅದನ್ನೆಲ್ಲ ಮಾಡಲು ಆಗುವುದಿಲ್ಲ. ಸ್ಕೂಟರಿನಂಥ ದೊಡ್ಡ ಪ್ಯಾಕ್ ಮನೆಯಲ್ಲಿ ಕಟ್ಟಲೇಬೇಡಿ ಅಂತ ನಾನು ಹೇಳುವುದು ಅದಕ್ಕೇ. ಚಿಕ್ಕದು ಕಟ್ಟಿ, ಆದರೆ ನಮ್ಮ ಕೈಲಾಗುವ ಪರೀಕ್ಷೆಯನ್ನಾದರೂ ಪೂರ್ತಿ ಮಾಡಿ.

ಮಾರುವವರಿಗೆ, ಸ್ನೇಹಕ್ಕೆ ಕಟ್ಟಿಕೊಡುವವರಿಗೆ ನನ್ನದೊಂದು ಕೋರಿಕೆ. ಪ್ಯಾಕಿನ ಮೇಲೆ ಒಂದು ಚೀಟಿ ಅಂಟಿಸಿ. ಯಾವ ಜಾತಿಯ ಸೆಲ್, ತುಂಬಿದಾಗ ಎಷ್ಟು ವೋಲ್ಟ್, ಪ್ರತಿ ಗುಂಪು ಪರೀಕ್ಷೆಯಲ್ಲಿ ಎಷ್ಟು ಕೊಟ್ಟಿತು, ಯಾವ ತಾರೀಕು. ಚಾರ್ಜರನ್ನು ಜೊತೆಯಲ್ಲೇ ಕೊಡಿ. ಪಿನ್ನನ್ನು ಹಳೇ ಚಾರ್ಜರ್ ಸಿಕ್ಕಿಕೊಳ್ಳದ ಹಾಗೆ ಬೇರೆಯದೇ ಹಾಕಿ. 2019ರಲ್ಲಿ ನಾನು ಆ ಪಿನ್ ಒಂದನ್ನು ಬದಲಾಯಿಸಿದ್ದರೆ ಸಾಕಿತ್ತು.

ಕೊಂಡವರು ಚಾರ್ಜ್ ಮಾಡುವ ಜಾಗ ನೋಡಿಕೊಳ್ಳಿ. ಮೆಟ್ಟಿಲ ಕೆಳಗೆ, ಬಾಗಿಲ ಪಕ್ಕ ಬೇಡ, ಬೆಂಕಿ ಬಿದ್ದರೆ ಹೊರಗೆ ಬರುವ ದಾರಿಯೇ ಮುಚ್ಚುತ್ತದೆ. ಬಿಸಿಲಲ್ಲಿ ಬಿಟ್ಟ ಪ್ಯಾಕ್ ತಣ್ಣಗಾದ ಮೇಲೆ ಚಾರ್ಜಿಗೆ ಹಾಕಿ. ಹೆಚ್ಚಿನ ಸೆಲ್‌ಗಳಿಗೆ ಚಾರ್ಜಿಂಗ್ ಮಿತಿ 45 ಡಿಗ್ರಿ. ರಾಯಚೂರು, ಕಲಬುರಗಿ ಕಡೆ ಏಪ್ರಿಲ್‌ನಲ್ಲಿ ತಗಡಿನ ಸೂರಿನ ಕೆಳಗೆ ಅಷ್ಟನ್ನು ಸುಲಭವಾಗಿ ದಾಟುತ್ತದೆ. ಹೊಗೆ ಬಂದರೆ ಹತ್ತಿರ ಹೋಗಬೇಡಿ, ಅದು ವಿಷ. ಎಲ್ಲರನ್ನೂ ಹೊರಗೆ ಕಳಿಸಿ.

ಸೊರಬದ ಹುಡುಗನ ಪ್ಯಾಕ್ ಪೂರ್ತಿ ಬಿಚ್ಚಿದೆ. ಹನ್ನೆರಡಕ್ಕೂ ನಂಬರ್ ಹಾಕಿ, 4.20ಕ್ಕೆ ತುಂಬಿಸಿ ಕಿಟಕಿ ಕಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಹತ್ತನೇ ದಿನ ಹನ್ನೊಂದು ಸೆಲ್ 4.17, 4.18ರಲ್ಲಿ ನಿಂತಿದ್ದವು. ಹನ್ನೊಂದನೇ ನಂಬರಿನದು 4.02ಕ್ಕೆ ಇಳಿದಿತ್ತು. ಆ ಒಂದು ಸೆಲ್ ತನ್ನ ಗುಂಪನ್ನೆಲ್ಲ ಕೆಳಗೆಳೆದು, ಬೇರೆ ಎರಡು ಗುಂಪನ್ನು 4.3ರ ಮೇಲೆ ತಳ್ಳುತ್ತಿತ್ತು. ಅಷ್ಟು ಸಲ ಮಿತಿ ಮೀರಿ ತುಂಬಿದ ಆ ಎಂಟು ಸೆಲ್‌ಗಳನ್ನೂ ನಾನು ವಾಪಸ್ ಹಾಕಲಿಲ್ಲ. ನಾಲ್ಕು ಹೊಸ ಫಾಸ್ಫೇಟ್ ಸೆಲ್ ತರಿಸಿದ್ದೇನೆ, ಅವು ಈಗ ಅದೇ ಕಿಟಕಿ ಕಟ್ಟೆಯ ಮೇಲಿವೆ. ನಿನ್ನೆ ಹುಡುಗ ಫೋನ್ ಮಾಡಿ "ಅಣ್ಣ, ಶುಂಠಿಗೆ ಔಷಧಿ ಹೊಡೆಯೋ ಟೈಮ್ ಬಂತು, ಇನ್ನೂ ಎಷ್ಟು ದಿನ?" ಅಂದ. ಇನ್ನು ಎಂಟು ದಿನ ಕಾಯಪ್ಪ, ಅಲ್ಲಿ ತನಕ ನನ್ನ ಪಂಪೇ ತಗೊಂಡು ಹೋಗು ಅಂದೆ.