ಏತದ ಮೇಲೊಂದು ಮನೆ

ಗಾಡಿಗೆ ಕಟ್ಟಿ ಎಳೆಯುವ ಟ್ರೈಲರ್ ಮೇಲೆ ನಾವು ಕಟ್ಟುತ್ತಿದ್ದ ಪುಟ್ಟ ಮನೆಯ ಮೊದಲ ಗೋಡೆ ಶುಕ್ರವಾರ ಸಂಜೆ ನೆಟ್ಟಗಿತ್ತು. ಶನಿವಾರ ಬೆಳಿಗ್ಗೆ ವಾಲಿತ್ತು. ರಾತ್ರಿ ಗಾಳಿಯೂ ಇಲ್ಲ, ಮಳೆಯೂ ಇಲ್ಲ. ರಸಮಟ್ಟ ಇಟ್ಟು ನೋಡಿದರೆ ಒಳಗಿನ ಗುಳ್ಳೆ ಮುನಿಸಿಕೊಂಡ ಅಳಿಯನ ಹಾಗೆ ಒಂದು ಮೂಲೆ ಹಿಡಿದು ಕೂತಿತ್ತು. ಮೊಳೆ ಕಿತ್ತೆ, ಗೋಡೆ ಸರಿಮಾಡಿದೆ, ಮತ್ತೆ ಹೊಡೆದೆ. ಮಧ್ಯಾಹ್ನ ಭಾಮೈದ ಬಂದು ಕೆಳಗೆ ಬಗ್ಗಿ ನೋಡಿದ.

"ಭಾವ, ಎಡಗಡೆ ಟೈರ್‌ನಲ್ಲಿ ಗಾಳಿನೇ ಇಲ್ವಲ್ಲ?"

ಗಾಳಿ ತುಂಬಿಸಿದೆವು. ಗೋಡೆ ಈಗ ಇನ್ನೊಂದು ಕಡೆಗೆ ವಾಲಿತು.

ಟ್ರೈಲರ್ ಮೇಲೆ ಮನೆ ಕಟ್ಟುವವರು ಮೊದಲು ನಾಲ್ಕೂ ಮೂಲೆಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟು, ಚೌಕಟ್ಟನ್ನು ಮಟ್ಟ ಮಾಡಿಕೊಂಡು, ಆಮೇಲೆ ಮರ ಮುಟ್ಟುತ್ತಾರಂತೆ. ನಾನು ಮೊದಲು ಮುಟ್ಟಿದ್ದು ಪರದೆ ಬಟ್ಟೆಯ ಬಣ್ಣದ ಚರ್ಚೆ.

ಸರಿ, ಸ್ಟ್ಯಾಂಡ್ ಕೊಟ್ಟದ್ದಾಯ್ತು. ಮುಂದಿನ ಚೌಕಟ್ಟಿಗೆ ಮೂಲೆಯಿಂದ ಮೂಲೆಗೆ ಅಡ್ಡ ಅಳತೆ ತೆಗೆದೆವು. ಎರಡು ಅಳತೆಯೂ ಒಂದೇ ಬಂದರೆ ಮೂಲೆಗಳು ಸರಿ ಅಂತ ಲೆಕ್ಕ. ಕರಾರುವಾಕ್ಕಾಗಿ ಒಂದೇ ಬಂತು! ಹಲಗೆ ಹೊದಿಸಲು ಹೋದರೆ ಮಾತ್ರ ಒಂದು ತುದಿಯಲ್ಲಿ ಬೆರಳು ತೂರುವಷ್ಟು ಸಂದು. ಟೇಪಿನ ಕೊಕ್ಕೆ ಅಲುಗಾಡುತ್ತಿದೆ ಅಂತ ಭಾಮೈದ ಒಂದು ಸಲ 1 ಇಂಚಿನ ಗೆರೆಯಿಂದ ಹಿಡಿದಿದ್ದ. ಇನ್ನೊಂದು ಸಲ ಮರೆತು ತುದಿಯಿಂದ ಹಿಡಿದಿದ್ದ. ಹೇಳಬೇಕು ಅಂತ ಅವನಿಗೆ ಅನ್ನಿಸಲಿಲ್ಲ. ಕೇಳಬೇಕು ಅಂತ ನನಗೂ ಹೊಳೆಯಲಿಲ್ಲ, ಬಿಡಿ.

ನಕ್ಷೆ ಬರೆಯುವಾಗ ಚಕ್ರದ ಮೇಲಿನ ಡಬ್ಬಿ ಮನೆಯೊಳಗೆ ಉಬ್ಬಿಕೊಂಡು ಬರುತ್ತದೆ ಅನ್ನೋದೂ ಮರೆತಿತ್ತು. ಹಾಗಾಗಿ ನಮ್ಮ ಬೀರುವಿನ ಬಾಗಿಲು ಇವತ್ತಿಗೂ ಅರ್ಧವೇ ತೆರೆಯುತ್ತದೆ. ಅಂಗಿ ತೆಗೆಯಬಹುದು, ಕೋಟು ಕಷ್ಟ.

ಆದರೆ ನಿಜವಾದ ಮರ್ಯಾದೆ ಹೋದದ್ದು ನೀರಿನ ಟ್ಯಾಂಕಿನಿಂದ. ಅಡುಗೆಮನೆ, ಬಚ್ಚಲು, ಫ್ರಿಜ್ ಎಲ್ಲವನ್ನೂ ಹಿಂಬದಿಗೆ ಹಾಕಿದ್ದೆ. ಪೈಪು ಉಳಿಯುತ್ತದೆ ಅನ್ನೋ ಜಾಣತನ. 200 ಲೀಟರ್ ಟ್ಯಾಂಕನ್ನೂ ಅಲ್ಲೇ ಕೂರಿಸಿದೆ. ನೀರು ಬರೀ ನೀರಲ್ವಾ ಅಂದುಕೊಂಡಿದ್ದೆ. ಒಂದು ಲೀಟರ್ ಅಂದರೆ ಒಂದು ಕಿಲೋ ಅನ್ನೋದು ಶಾಲೆಯಲ್ಲಿ ಓದಿದ್ದು, ಶಾಲೆಯಲ್ಲೇ ಉಳಿದಿತ್ತು.

ಟ್ಯಾಂಕ್ ತುಂಬಿತು. ಸ್ಟ್ಯಾಂಡ್‌ಗಳನ್ನು ಆಗಲೇ ತೆಗೆದಿದ್ದೆವು, ಗಾಡಿಗೆ ಇನ್ನೂ ಕಟ್ಟಿರಲಿಲ್ಲ. ನಲ್ಲಿ ನೋಡೋಣ ಅಂತ ನಾನು ಹಿಂದಕ್ಕೆ ಎರಡು ಹೆಜ್ಜೆ ಇಟ್ಟೆ. ಹೊರಗಿಂದ ಹೆಂಡತಿಯ ಕೂಗು.

"ರೀ, ಮನೆ ಎದ್ದು ನಿಲ್ತಾ ಇದೆ!"

ಗಾಡಿಗೆ ಸಿಕ್ಕಿಸುವ ಮುಂದಿನ ಕೊಂಡಿ ಏತದ ಹಾಗೆ ಮೇಲಕ್ಕೆದ್ದಿತ್ತು. ನಾನು ಗಾಬರಿಯಿಂದ ಮುಂದಕ್ಕೆ ಓಡಿದೆ, ಅದು ದಡ್ ಅಂತ ಕೆಳಗೆ ಕೂತಿತು. ಪಾತ್ರೆಗಳೆಲ್ಲ ನನ್ನ ಹಿಂದೆಯೇ ಬಂದವು. ನಲ್ಲಿ ತೆರೆದೇ ಇತ್ತು, ಮುಚ್ಚಲು ಮತ್ತೆ ಹಿಂದಕ್ಕೆ ಹೋಗಬೇಕು. ಹೋದೆ. ಮನೆ ಮತ್ತೆ ಎದ್ದಿತು.

ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಮುಂದಿನ ಕೊಂಡಿಯ ಮೇಲೆ ಬೀಳಬೇಕು. ಕಡಿಮೆಯಾದರೆ ರಸ್ತೆಯಲ್ಲಿ ಟ್ರೈಲರ್ ಬಾಲ ಬೀಸಲು ಶುರುಮಾಡುತ್ತದೆ, ಎಳೆಯುವ ಗಾಡಿಯನ್ನೂ ಜೊತೆಗೆ ಬೀಸುತ್ತದೆ. ಇದನ್ನು ತಿಳಿದುಕೊಂಡ ಮೇಲೆ ಅವತ್ತು ಅಂಗಳದಲ್ಲೇ ಪಾತ್ರೆ ಬಿದ್ದದ್ದು ಭಾಗ್ಯ ಅನ್ನಿಸಿತು. ಟ್ಯಾಂಕ್ ಮುಂದಕ್ಕೆ ಬಂತು. ಪೈಪು ಮೊದಲಿಗಿಂತ ಮೂರು ಪಟ್ಟು ಜಾಸ್ತಿ ಹಿಡಿಯಿತು.

ಈಗ ಗೋಡೆಗೆ ಹೆಂಡತಿ ಒಂದು ಚೀಟಿ ಅಂಟಿಸಿದ್ದಾಳೆ. ಯಾವ ಸಾಮಾನು ಎಷ್ಟು ಕಿಲೋ, ಚಕ್ರದ ಮುಂದೋ ಹಿಂದೋ ಅಂತ. ಟ್ಯಾಂಕ್ 200, ಮುಂದೆ. ಫ್ರಿಜ್ 40, ಹಿಂದೆ. ಕೊನೆಯ ಸಾಲಿನಲ್ಲಿ, "ಇವರು 84, ಎಲ್ಲೂ ಓಡಾಡಬಾರದು."