ವೈದ್ಯ ಪ್ರಾಧ್ಯಾಪಕರನ್ನು ಉಲ್ಲೇಖಗಳ ಲೆಕ್ಕದಲ್ಲಿ ಅಳೆಯಬಹುದೇ? ಪರ–ವಿರೋಧ

ಪರ

ದಾವಣಗೆರೆಯಲ್ಲಿ 1965ರಿಂದಲೂ ವೈದ್ಯಕೀಯ ಕಾಲೇಜಿದೆ. ಪ್ರಾಧ್ಯಾಪಕರ ನೇಮಕ, ಬಡ್ತಿ ಇಲ್ಲಿ ಹೊಸ ಮಾತಲ್ಲ. ಅವನ್ನು ಅಭ್ಯರ್ಥಿ ಬರೆದ ಸಂಶೋಧನಾ ಲೇಖನಗಳೆಷ್ಟು, ಬೇರೆ ಲೇಖನಗಳಲ್ಲಿ ಅವುಗಳ ಉಲ್ಲೇಖ (ಸೈಟೇಶನ್) ಎಷ್ಟು ಬಾರಿ ಬಂದಿದೆ ಎಂದು ಎಣಿಸಿ ತೀರ್ಮಾನಿಸಬೇಕೇ ಎಂಬುದು ಪ್ರಶ್ನೆ. ಲೇಖನ, ಉಲ್ಲೇಖಗಳ ಎಣಿಕೆ ಬೇಡ ಎನ್ನುವವರು ಅದರ ಬದಲು ಏನು ಎಂದು ಮಾತ್ರ ಹೇಳುವುದಿಲ್ಲ. ಎಣಿಕೆ ಇಲ್ಲದಿದ್ದಾಗ ಏನು ನಡೆಯುತ್ತದೆಂದು ನಮಗೆಲ್ಲ ಗೊತ್ತು: ಸರ್ವೀಸ್ ಎಷ್ಟಾಯಿತು, ಯಾರ ಕಡೆಯವರು, ಯಾರ ಶಿಫಾರಸು ತಂದಿದ್ದಾರೆ. ಪರಿಚಯವೂ ಇಲ್ಲದ, ಬೆನ್ನ ಹಿಂದೆ ಯಾರೂ ಇಲ್ಲದ ಯುವ ವೈದ್ಯೆಯ ಕೈಯಲ್ಲಿರುವ ದಾಖಲೆ ಅವಳ ಪ್ರಕಟಣೆಗಳೇ.

ಭೌತವಿಜ್ಞಾನಿ ಹೋರ್ಹೆ ಹಿರ್ಷ್ 2005ರಲ್ಲಿ ಸೂಚಿಸಿದ ಎಚ್-ಇಂಡೆಕ್ಸ್ ಅಷ್ಟೇನೂ ದಡ್ಡ ಅಳತೆಯಲ್ಲ. ಎಚ್-ಇಂಡೆಕ್ಸ್ 20 ಎಂದರೆ, ಕನಿಷ್ಠ 20 ಬಾರಿ ಉಲ್ಲೇಖಗೊಂಡ ಲೇಖನಗಳು 20 ಇವೆ ಎಂದರ್ಥ. ಯಾರೂ ಓದದ ನೂರು ಲೇಖನ ಬರೆದರೂ ಅದು ಏರುವುದಿಲ್ಲ. ಯಾವಾಗಲೋ ಹೆಸರು ಮಾಡಿದ ಒಂದೇ ಲೇಖನದಿಂದಲೂ ಏರುವುದಿಲ್ಲ. ತನ್ನನ್ನು ತಾನೇ ಉಲ್ಲೇಖಿಸಿಕೊಳ್ಳುವ ಚಾಳಿಗೂ ಮದ್ದಿದೆ. ಸ್ಟ್ಯಾನ್‌ಫರ್ಡ್‌ನ ಜಾನ್ ಅಯೊನಿಡಿಸ್ ತಂಡ ಉಲ್ಲೇಖಗಳ ಆಧಾರದಲ್ಲಿ ಮಾಡುವ, ಜಗತ್ತಿನ ಅಗ್ರ ಶೇ 2ರಷ್ಟು ವಿಜ್ಞಾನಿಗಳ ಪಟ್ಟಿ, ನಮ್ಮ ಪತ್ರಿಕೆಗಳು ಫೋಟೊ ಸಮೇತ ಸುದ್ದಿ ಮಾಡುವ ಅದೇ ಪಟ್ಟಿ, ಸ್ವಂತ ಉಲ್ಲೇಖ ಕಳೆದ ಅಂಕವನ್ನೂ ಕೊಡುತ್ತದೆ.

ಕಲ್ಕತ್ತದ ವೈದ್ಯ ವಿಜ್ಞಾನಿ ಶಂಭುನಾಥ್ ದೇ ಅವರನ್ನು ನೆನೆಯಿರಿ. ಕಾಲರಾ ರೋಗಾಣು ಒಂದು ವಿಷವನ್ನು ಸ್ರವಿಸುತ್ತದೆ ಎಂದು ಅವರು ತೋರಿಸಿಕೊಟ್ಟ ಲೇಖನ 1959ರಲ್ಲಿ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಬಂತು. ದೇಶದ ವಿಜ್ಞಾನ ಅಕಾಡೆಮಿಗಳು ಅವರನ್ನು ಫೆಲೋ (ಗೌರವದ ಸದಸ್ಯ) ಮಾಡಿಕೊಳ್ಳಲಿಲ್ಲ. ಅವರ ಕೆಲಸ ಎಷ್ಟು ದೊಡ್ಡದೆಂದು 1986ರಲ್ಲಿ ವಿವರವಾಗಿ ಬರೆದವರು ಯಾವ ಲೇಖನವನ್ನು ಯಾರು ಉಲ್ಲೇಖಿಸಿದ್ದಾರೆಂದು ಪಟ್ಟಿ ಮಾಡುವ ಉಲ್ಲೇಖ ಸೂಚಿಯ ಜನಕ ಯೂಜೀನ್ ಗಾರ್ಫೀಲ್ಡ್, ಅದೂ ಉಲ್ಲೇಖಗಳ ನಕ್ಷೆ ಬಿಡಿಸಿ. ಮನುಷ್ಯರ ಸಮಿತಿಗಳಿಗೆ ಕಾಣದ್ದು ಲೆಕ್ಕಕ್ಕೆ ಕಂಡಿತು.

ವಿರೋಧ

ದೇ ತೀರಿಕೊಂಡದ್ದು 1985ರಲ್ಲಿ. ಗಾರ್ಫೀಲ್ಡ್ ಬರೆದದ್ದು ಮರುವರ್ಷ. ಬಡ್ತಿಯ ಸಂದರ್ಶನ ಅಷ್ಟು ಕಾಲ ಕಾಯುತ್ತದೆಯೇ? ಆ ಲೇಖನವನ್ನು ಲೋಕ ಗುರುತಿಸಲು ವರ್ಷಗಳೇ ಹಿಡಿದವು. ಆ ನಡುವೆ ಯಾರಾದರೂ ಉಲ್ಲೇಖ ಎಣಿಸಿದ್ದರೆ ದೇ ಫೇಲ್.

ಇನ್ನು ಎಣಿಕೆಗೆ ಹೊಗಳಿಕೆ, ತೆಗಳಿಕೆಯ ಭೇದವಿಲ್ಲ. ಬ್ರಿಟನ್ನಿನ ವೈದ್ಯ ಆಂಡ್ರ್ಯೂ ವೇಕ್‌ಫೀಲ್ಡ್ 1998ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಕೇವಲ 12 ಮಕ್ಕಳನ್ನು ಮುಂದಿಟ್ಟುಕೊಂಡು ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆಯ ಮೇಲೆ ಅನುಮಾನ ಹುಟ್ಟಿಸಿದರು. ಪತ್ರಿಕೆ 2010ರಲ್ಲಿ ಲೇಖನವನ್ನು ಹಿಂಪಡೆಯಿತು. ಅದನ್ನು ಖಂಡಿಸಿದವರೂ ಉಲ್ಲೇಖಿಸಿಯೇ ಖಂಡಿಸಬೇಕಾಯಿತು. ಲೆಕ್ಕದಲ್ಲಿ ಅದೂ ಜಮೆಯೇ.

ನನ್ನ ಮುಖ್ಯ ತಕರಾರು ನಮ್ಮ ಸೀಮೆಯದ್ದು. ಜಗಳೂರು, ಮೊಳಕಾಲ್ಮುರು ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್. ವಿಶ್ವ ಆರೋಗ್ಯ ಸಂಸ್ಥೆ ಒಪ್ಪುವ ಮಿತಿ ಲೀಟರಿಗೆ 1.5 ಮಿಲಿಗ್ರಾಂ, ಅದನ್ನು ಮೀರಿದ ನೀರನ್ನು ಕುಡಿಯುತ್ತಾ ಬೆಳೆದ ಮಕ್ಕಳ ಹಲ್ಲು ಕಲೆಗಟ್ಟುತ್ತದೆ, ವಯಸ್ಸಾದಂತೆ ಬೆನ್ನು, ಕೀಲು ಸೆಟೆಯುತ್ತವೆ. ಇಲ್ಲಿನ ಕಮ್ಯುನಿಟಿ ಮೆಡಿಸಿನ್ ವಿಭಾಗದವರೊಬ್ಬರು ಹಳ್ಳಿ ಹಳ್ಳಿ ಸುತ್ತಿ ಇದರ ಮೇಲೆ ಬರೆದರು ಎನ್ನಿ. ಓದಬೇಕಾದವರು ಯಾರು? ತಾಲ್ಲೂಕು ಆರೋಗ್ಯಾಧಿಕಾರಿ, ಕುಡಿಯುವ ನೀರಿನ ಎಂಜಿನಿಯರ್, ಪಿಡಿಒ. ಅವರು ಓದಿ ಆ ನೀರು ಕುಡಿಯಬೇಡಿ ಎಂದು ಬೋರ್‌ವೆಲ್‌ಗೆ ಕೆಂಪು ಬಣ್ಣ ಬಳಿಸಬಹುದು, ಶುದ್ಧ ನೀರಿನ ಘಟಕ ಹಾಕಿಸಬಹುದು. ಆದರೆ ಅವರ್‍ಯಾರೂ ಸಂಶೋಧನಾ ಲೇಖನ ಬರೆಯುವವರಲ್ಲ. ಉಲ್ಲೇಖ ಎಲ್ಲಿಂದ ಬರಬೇಕು? ಅದೇ ಕ್ಯಾನ್ಸರ್ ಔಷಧಿಯ ಬಗ್ಗೆ ಬೇರೆಯವರ ಲೇಖನಗಳನ್ನೆಲ್ಲ ಒಟ್ಟುಗೂಡಿಸಿ ಒಂದು ರಿವ್ಯೂ ಬರೆದರೆ ಉಲ್ಲೇಖಗಳು ಸುಲಭವಾಗಿ ಸಿಗುತ್ತವೆ. ಎಣಿಕೆಯನ್ನೇ ನೆಚ್ಚಿದ ಬುದ್ಧಿವಂತ ಯಾವ ವಿಷಯ ಆರಿಸಿಕೊಳ್ಳುತ್ತಾನೆ?

ಬೆಳಗ್ಗೆಯಿಂದ ಒಪಿಡಿಯಲ್ಲಿ ಕೂತ ವೈದ್ಯರ ಮೇಲೆ ‘ಪಬ್ಲಿಕೇಶನ್ ಎಷ್ಟು?’ ಎಂಬ ಒತ್ತಡ ಹೇರಿದರೆ ಸಿಗುವ ಫಲವೂ ಗೊತ್ತಿರುವುದೇ. ಪಿಜಿ ವಿದ್ಯಾರ್ಥಿಯ ಥೀಸಿಸ್ಸೇ ಕತ್ತರಿಸಿ ಮೂರು ಲೇಖನವಾಗುತ್ತದೆ, ಕೈ ಹಾಕದವರ ಹೆಸರೂ ಸೇರುತ್ತದೆ, ದುಡ್ಡು ಕಟ್ಟಿದರೆ ವಾರದಲ್ಲಿ ಅಚ್ಚು ಹಾಕುವ ಪತ್ರಿಕೆಗಳ ಇಮೇಲ್ ದಿನವೂ ಬರುತ್ತದೆ.

ಶಿಫಾರಸಿನ ಭಯ ನನಗೂ ಇದೆ. ಅದಕ್ಕೆ 2012ರಲ್ಲಿ ಸಾನ್ ಫ್ರಾನ್ಸಿಸ್ಕೋದಲ್ಲಿ ರೂಪುಗೊಂಡ, ಸಂಶೋಧನೆಯನ್ನು ಅಳೆಯುವ ಬಗೆ ಕುರಿತ ಡೋರಾ ಘೋಷಣೆ ಹೇಳುವ ದಾರಿ ಸಾಕು: ಲೇಖನ ಅಚ್ಚಾದ ಪತ್ರಿಕೆಯ ಅಂಕ (ಇಂಪ್ಯಾಕ್ಟ್ ಫ್ಯಾಕ್ಟರ್) ನೋಡಬೇಡಿ, ಲೇಖನದಲ್ಲಿ ಏನಿದೆಯೆಂದು ನೋಡಿ. ಅಭ್ಯರ್ಥಿ ತನ್ನ ಅತ್ಯುತ್ತಮ ಮೂರು ಲೇಖನ ಕೊಡಲಿ. ಹೊರ ಜಿಲ್ಲೆಯ ಇಬ್ಬರು ಅವನ್ನು ಓದಿ, ಸಹಿ ಹಾಕಿ, ಅಭಿಪ್ರಾಯ ಬರೆದುಕೊಡಲಿ. ಆ ಅಭಿಪ್ರಾಯವನ್ನು ಕಾಲೇಜು ನೋಟಿಸ್ ಬೋರ್ಡಿಗೆ ಹಾಕಲಿ.